ನೂರ್ಬರ್ಗ್‌ರಿಂಗ್‌ಗೆ ನಿಮ್ಮದೇ ಕಾರ್ ತಗೊಂಡು ಹೋಗೋರಿಗೆ ಒಂದಿಷ್ಟು ಮಾತು

ಜರ್ಮನಿಯ ಐಫೆಲ್ ಗುಡ್ಡಗಳ ಮಧ್ಯೆ ಇರೋ ರೇಸ್ ಟ್ರ್ಯಾಕ್ ನೂರ್ಬರ್ಗ್‌ರಿಂಗ್‌ಗೆ ಹೋಗ್ಬೇಕು, ಅದೂ ಬಾಡಿಗೆ ಕಾರಲ್ಲಿ ಅಲ್ಲ, ಸಾಲ ಮಾಡಿ ತಗೊಂಡಿರೋ ನಮ್ಮ ಎಂ2, ಗಾಲ್ಫ್ ಆರ್, ಟೈಪ್ ಆರ್ ತರದ ಯಾವುದೋ ಒಂದು ಫಾಸ್ಟ್ ಕಾರು, ಅದರಲ್ಲೇ ಹೋಗ್ಬೇಕು ಅನ್ನೋರು ತುಂಬಾ ಜನ ಇದ್ದಾರೆ. ಎಲ್ಲರೂ ಕೇಳೋ ಮೊದಲನೇ ಪ್ರಶ್ನೆ ಎಷ್ಟು ನಿಮಿಷದಲ್ಲಿ ಲ್ಯಾಪ್, ಅಂದ್ರೆ ಒಂದು ಸುತ್ತು, ಹೊಡೀಬಹುದು ಅಂತ. ಅದು ಕೊನೆಗೆ ಕೇಳ್ಬೇಕಾದ ಪ್ರಶ್ನೆ, ನಿಜ ಹೇಳ್ಬೇಕಂದ್ರೆ ಕೇಳ್ಲೇಬಾರದ ಪ್ರಶ್ನೆ, ಯಾಕೆ ಅಂತ ಮುಂದೆ ಹೇಳ್ತೀನಿ. ಹೋದ ಕಾರು ತನ್ನ ನಾಲ್ಕು ಚಕ್ರದ ಮೇಲೇ ವಾಪಸ್ ಬರೋ ಹಾಗೆ ಪ್ಲಾನ್ ಮಾಡೋದು ಹೇಗೆ ಅನ್ನೋದಷ್ಟೇ ಇಲ್ಲಿ ಬರೀತಿರೋದು.

ಅಲ್ಲಿ ಎರಡು ಟ್ರ್ಯಾಕ್ ಇದೆ. 1984ರಲ್ಲಿ ಓಪನ್ ಆದ ಗ್ರಾಂಡ್ ಪ್ರಿ ಟ್ರ್ಯಾಕ್ ಒಂದು, 1927ರಿಂದ ಇರೋ ನಾರ್ಡ್‌ಶ್ಲೈಫೆ ಇನ್ನೊಂದು. ಎಲ್ಲರೂ ಬಾಯಿ ಬಿಟ್ಕೊಂಡು ಮಾತಾಡೋದು ಈ ಎರಡನೇದರ ಬಗ್ಗೆ. ಒಂದು ಸುತ್ತಿಗೆ 20.8 ಕಿಲೋಮೀಟರ್, ಅಧಿಕೃತ ಲೆಕ್ಕದಲ್ಲಿ 73 ತಿರುವು, ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಫಾರ್ಮುಲಾ ಒನ್ ರೇಸರ್ ಜಾಕಿ ಸ್ಟೀವರ್ಟ್ ಇದಕ್ಕೆ 'ಹಸಿರು ನರಕ' ಅಂತ ಹೆಸರಿಟ್ಟ. ಅವನು 1968ರಲ್ಲಿ ಮಂಜು ಮಳೆ ಎರಡೂ ಸೇರ್ಕೊಂಡಿದ್ದ ದಿನ ಇಲ್ಲಿ ರೇಸ್ ಗೆದ್ದವನು, ಹಾಗಾಗಿ ಆ ಮಾತಿಗೆ ತೂಕ ಇದೆ. 1976ರ ಆಗಸ್ಟ್ 1ರಂದು ಇನ್ನೊಬ್ಬ ರೇಸರ್ ನಿಕಿ ಲೌಡಾ ಕಾರಿಗೆ ಬೆಂಕಿ ಹತ್ತಿಕೊಂಡಿದ್ದೂ ಇಲ್ಲೇ, ಆಮೇಲೆ ಫಾರ್ಮುಲಾ ಒನ್ ಈ ಉದ್ದದ ಟ್ರ್ಯಾಕ್ ಕಡೆ ತಿರುಗಿ ನೋಡ್ಲಿಲ್ಲ. ಅಂಥ ಟ್ರ್ಯಾಕ್ ಅನ್ನ ದುಡ್ಡು ಕೊಟ್ರೆ ಯಾರು ಬೇಕಾದ್ರೂ ಓಡಿಸ್ಬಹುದು ಅನ್ನೋದೇ ಅದರ ಮಜಾ, ಅಪಾಯನೂ ಅದೇ.

ಇದು ರೇಸ್ ಅಲ್ಲ, ಟೋಲ್ ರೋಡ್

ಸಾಮಾನ್ಯ ಜನಕ್ಕೆ ಬಿಡೋ ಸೆಷನ್‌ಗೆ ಟೂರಿಸ್ಟನ್‌ಫಾರ್ಟನ್ ಅಂತಾರೆ. ಕಾನೂನಿನ ಲೆಕ್ಕದಲ್ಲಿ ಆ ಹೊತ್ತಲ್ಲಿ ನಾರ್ಡ್‌ಶ್ಲೈಫೆ ಒಂದು ಒನ್‌ವೇ ಟೋಲ್ ರಸ್ತೆ ಅಷ್ಟೇ. ಜರ್ಮನಿಯ ಟ್ರಾಫಿಕ್ ರೂಲ್ಸ್ ಪೂರ್ತಿ ಅನ್ವಯ ಆಗುತ್ತೆ, ಅಂದ್ರೆ ಓವರ್‌ಟೇಕ್ ಎಡಗಡೆಯಿಂದ ಮಾತ್ರ, ನಿಧಾನ ಹೋಗೋರು ಬಲಕ್ಕೆ ಇರ್ಬೇಕು, ಕಾರಿಗೆ ನಂಬರ್ ಪ್ಲೇಟ್ ಇರ್ಬೇಕು, ರಸ್ತೆಗೆ ರಿಜಿಸ್ಟರ್ ಆಗಿರ್ಬೇಕು, ಗೀರೇ ಇಲ್ಲದ ರೇಸ್ ಟೈರ್, ಅಂದ್ರೆ ಸ್ಲಿಕ್ ಟೈರ್ ನಡೆಯಲ್ಲ. ಟೈಮಿಂಗ್ ತಗೊಳ್ಳೋದು ನಿಷಿದ್ಧ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಸುಮ್ನೆ ಬೋರ್ಡ್ ಮೇಲೆ ಬರೆದಿರೋ ರೂಲ್ ಅಂದ್ಕೋಬೇಡಿ. ಸಾರ್ವಜನಿಕ ರಸ್ತೆಯಲ್ಲಿ ಅಕ್ರಮವಾಗಿ ರೇಸ್ ಮಾಡೋದನ್ನ ಜರ್ಮನಿ 2017ರಲ್ಲೇ ಕ್ರಿಮಿನಲ್ ಅಪರಾಧ ಮಾಡಿದೆ. ಅದೂ ಅಲ್ದೆ ಆಕ್ಸಿಡೆಂಟ್ ಆದ್ಮೇಲೆ ನಿಮ್ಮ ಫೋನಲ್ಲಿ ಲ್ಯಾಪ್ ಟೈಮರ್ ಓಡ್ತಾ ಇತ್ತು ಅಂತ ಗೊತ್ತಾದ್ರೆ ಇನ್ಶೂರೆನ್ಸ್‌ನವರಿಗೆ ಅದಕ್ಕಿಂತ ಒಳ್ಳೆ ನೆಪ ಬೇಕಿಲ್ಲ. ಕಾರಲ್ಲಿ ಕ್ಯಾಮೆರಾ ಫಿಟ್ ಮಾಡೋದಕ್ಕೂ ಪರ್ಮಿಷನ್ ಇಲ್ಲ, ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೋ ಇದೆಯಲ್ಲ ಅಂತ ಕೇಳ್ಬೇಡಿ, ಇದೆ, ಆದ್ರೂ ಪರ್ಮಿಷನ್ ಇಲ್ಲ.

ಸೌಂಡ್ ಲಿಮಿಟ್ ಒಂದಿದೆ, 95 ಡೆಸಿಬೆಲ್, ಆಫ್ಟರ್‌ಮಾರ್ಕೆಟ್ ಎಕ್ಸಾಸ್ಟ್ ಹಾಕಿಸ್ಕೊಂಡಿರೋರು ಕಾರಿನ ಪೇಪರ್‌ನಲ್ಲಿ ಬರೆದಿರೋ ಸಂಖ್ಯೆ ಎಷ್ಟು ಅಂತ ಮನೆಯಲ್ಲೇ ನೋಡ್ಕೊಂಡು ಹೊರಡಿ. 2025ರ ಸೀಸನ್‌ನಿಂದ ಈ ಸೆಷನ್‌ಗಳಿಗೆ ಬೈಕ್ ಬಿಡ್ತಾ ಇಲ್ಲ, ಹಾಗಾಗಿ ಬೈಕಲ್ಲಿರೋ ಸ್ನೇಹಿತರನ್ನ ಜೊತೆಗೆ ಕರ್ಕೊಂಡು ಹೋಗೋ ಪ್ಲಾನ್ ಇದ್ರೆ ಅವರು ಬೇಲಿ ಆಚೆ ನಿಂತು ನೋಡ್ಬೇಕಾಗುತ್ತೆ.

ಯಾವಾಗ ಹೋಗೋದು

ಸೀಸನ್ ಹೆಚ್ಚುಕಮ್ಮಿ ಮಾರ್ಚ್‌ನಿಂದ ನವೆಂಬರ್. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ ಒಂದೆರಡು ಗಂಟೆ ಬಿಡ್ತಾರೆ, ಯಾಕಂದ್ರೆ ಹಗಲೆಲ್ಲ ಕಾರ್ ಕಂಪನಿಗಳ ಟೆಸ್ಟಿಂಗ್ ಇರುತ್ತೆ. ವೀಕೆಂಡ್‌ನಲ್ಲಿ ಕೆಲವು ಸಲ ಇಡೀ ದಿನ, ಕೆಲವು ಸಲ ರೇಸ್ ಇದ್ರೆ ಇಲ್ಲವೇ ಇಲ್ಲ. ಟ್ರ್ಯಾಕ್‌ನ ಅಧಿಕೃತ ಕ್ಯಾಲೆಂಡರ್ ನೋಡ್ದೆ ಹೋಟೆಲ್ ಬುಕ್ ಮಾಡ್ಬೇಡಿ, ಹೊರಡೋ ದಿನ ಬೆಳಗ್ಗೆ ಇನ್ನೊಂದು ಸಲ ನೋಡಿ. ಒಂದು ಲ್ಯಾಪ್‌ಗೆ 30ರಿಂದ 35 ಯೂರೋ ಆಸುಪಾಸು, ವಾರದ ದಿನ ಕಮ್ಮಿ ವೀಕೆಂಡ್ ಜಾಸ್ತಿ. ಕಾರ್ಡ್‌ಗೆ ಲ್ಯಾಪ್ ತುಂಬಿಸ್ಕೊಂಡು ಗೇಟಲ್ಲಿ ತೋರಿಸಿದ್ರೆ ಬ್ಯಾರಿಯರ್ ಎದ್ದೇಳುತ್ತೆ. ಮೊದಲನೇ ಸಲ ಹೋಗೋರು ನಾಲ್ಕೈದು ಲ್ಯಾಪ್‌ಗಿಂತ ಜಾಸ್ತಿ ತಗೋಬೇಡಿ, ಅಷ್ಟರಲ್ಲಿ ಕಾರಿಗಿಂತ ಮೊದಲು ನಿಮ್ಮ ತಲೆ ಸುಸ್ತಾಗಿರುತ್ತೆ.

ನನ್ನ ಕೇಳಿದ್ರೆ ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ, ವಾರದ ನಡುವಿನ ಒಂದು ಸಂಜೆ, ಮಳೆ ಇಲ್ಲದ ದಿನ. ಗುಡ್ ಫ್ರೈಡೇ ಅಂತೂ ಬೇಡವೇ ಬೇಡ. ಅವತ್ತು ಯೂರೋಪಿನ ಅರ್ಧ ಕಾರ್ ಹುಚ್ಚರು ಅಲ್ಲೇ ಇರ್ತಾರೆ, ಪಾರ್ಕಿಂಗ್‌ನಲ್ಲಿ ಸಂಜೆವರೆಗೂ ಹಾರ್ನ್ ಕೇಳ್ಕೊಂಡು ಕೂರೋಕೆ ಅಷ್ಟು ದೂರ ಹೋಗ್ಬೇಕಾ. ಭಾನುವಾರ ಮಧ್ಯಾಹ್ನನೂ ರಷ್, ಆಕ್ಸಿಡೆಂಟ್ ಆಗಿ ಟ್ರ್ಯಾಕ್ ಕ್ಲೋಸ್ ಆದ್ರೆ ಎಷ್ಟು ಹೊತ್ತಿಗೆ ತೆಗೀತಾರೋ ಯಾರಿಗೂ ಗೊತ್ತಿರಲ್ಲ.

ಇನ್ಶೂರೆನ್ಸ್, ಬೋರ್ ಆದ್ರೂ ಓದಿ

ಪಾಲಿಸಿ ಪೇಪರ್ ತೆಗೆದು ಪೂರ್ತಿ ಓದಿ. ಟೋಲ್ ರೋಡ್ ಅಲ್ವಾ, ಕವರ್ ಆಗುತ್ತೆ ಅಂತ ಜನ ಧೈರ್ಯವಾಗಿ ಹೇಳ್ತಾರೆ, ಆದ್ರೆ ಎಷ್ಟೋ ಪಾಲಿಸಿಗಳಲ್ಲಿ ನೂರ್ಬರ್ಗ್‌ರಿಂಗ್ ಅಂತ ಹೆಸರು ಹಿಡಿದೇ ಹೊರಗಿಟ್ಟಿರ್ತಾರೆ, ಇನ್ನು ಕೆಲವದರಲ್ಲಿ ರೇಸ್ ಟ್ರ್ಯಾಕ್ ಮೇಲೆ ಯಾವುದೇ ಡ್ರೈವಿಂಗ್ ಇಲ್ಲ ಅಂತ ಒಂದು ಸಾಲು ಮೂಲೆಯಲ್ಲಿ ಕೂತಿರುತ್ತೆ. ಕಂಪನಿಗೆ ಫೋನ್ ಮಾಡ್ಬೇಡಿ, ಮೇಲ್ ಮಾಡಿ ಕೇಳಿ, ಬರಹದಲ್ಲಿ ಉತ್ತರ ಇಟ್ಕೊಳ್ಳಿ. ನಿಮ್ಮ ಕಾರಿನ ಡ್ಯಾಮೇಜ್ ಒಂದು ಕಡೆ ಇರ್ಲಿ, ತಡೆಬೇಲಿಗೆ ಗುದ್ದಿದ್ರೆ ಹಾಳಾದ ಬೇಲಿಯ ಖರ್ಚು ನಿಮ್ದು, ಕಾರು ಎತ್ತೋ ಟ್ರಕ್ ನಿಮ್ದು, ಸೇಫ್ಟಿ ಕಾರ್ ಬಂದಿದ್ದಕ್ಕೂ ಬಿಲ್ ನಿಮ್ಗೇ. ಕೈ ಸುಟ್ಕೊಳ್ಳೋದು ಅಂದ್ರೆ ಇದು. ಲೀಸ್‌ನಲ್ಲಿರೋ ಕಾರು ಆದ್ರೆ ಲೀಸ್ ಕಾಂಟ್ರಾಕ್ಟ್ ಬೇರೆ ಓದ್ಬೇಕು. ಏರ್‌ಪೋರ್ಟ್‌ನಲ್ಲಿ ಸಿಗೋ ಮಾಮೂಲಿ ಬಾಡಿಗೆ ಕಾರಲ್ಲಂತೂ ಟ್ರ್ಯಾಕ್‌ಗೆ ಇಳಿಯೋ ಹಾಗೇ ಇಲ್ಲ, ಕಾಂಟ್ರಾಕ್ಟ್ ಮುರಿದ ಹಾಗೆ.

ಉತ್ತರ 'ಕವರ್ ಇಲ್ಲ' ಅಂತ ಬಂದ್ರೆ ಒಳ್ಳೆ ದಾರಿ ಒಂದಿದೆ. ನಿಮ್ಮ ಕಾರಲ್ಲಿ ಟ್ರಿಪ್ ಮಾಡಿ, ಐಫೆಲ್ ರಸ್ತೆಗಳನ್ನ ಮನಸಾರೆ ಓಡಿಸಿ, ಟ್ರ್ಯಾಕ್‌ಗೆ ಮಾತ್ರ ಅಲ್ಲಿನ ಸ್ಪೆಷಲಿಸ್ಟ್‌ಗಳ ಹತ್ರ ರಿಂಗ್‌ಗೆ ಅಂತಲೇ ರೆಡಿ ಮಾಡಿರೋ ಸಣ್ಣ ಹ್ಯಾಚ್‌ಬ್ಯಾಕ್ ಬಾಡಿಗೆಗೆ ತಗೊಳ್ಳಿ. ಕಮ್ಮಿ ಪವರ್ ಕಾರಲ್ಲಿ ಟ್ರ್ಯಾಕ್ ಬೇಗ ಅರ್ಥ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ. ಇಲ್ಲಿ 24 ಗಂಟೆ ರೇಸನ್ನ 1996 ಮತ್ತು 1997ರಲ್ಲಿ ಗೆದ್ದ ಸಬೀನ್ ಶ್ಮಿಟ್ಸ್ ಒಂದು ಡೀಸೆಲ್ ಸರಕು ವ್ಯಾನ್‌ನಲ್ಲಿ ಹತ್ತು ನಿಮಿಷ ಎಂಟು ಸೆಕೆಂಡ್‌ಗೆ ಲ್ಯಾಪ್ ಮುಗಿಸಿದ್ಲು. 400 ಹಾರ್ಸ್‌ಪವರ್ ಇಟ್ಕೊಂಡು ಅದಕ್ಕಿಂತ ನಿಧಾನ ಬರೋರೇ ನಮ್ಮಂಥೋರು ಜಾಸ್ತಿ. ಅವಳು 2021ರಲ್ಲಿ ತೀರ್ಕೊಂಡ್ಲು, ನಾರ್ಡ್‌ಶ್ಲೈಫೆಯ ಮೊದಲನೇ ತಿರುವಿಗೆ ಈಗ ಅವಳ ಹೆಸರೇ ಇದೆ.

ಕಾರ್ ರೆಡಿ ಮಾಡೋದು: ಮೊದಲು ಬ್ರೇಕ್, ಆಮೇಲೂ ಬ್ರೇಕ್

ಎಂಜಿನ್ ಟ್ಯೂನ್, ಏರ್ ಫಿಲ್ಟರ್, ಸ್ಟಿಕ್ಕರ್ ಇವೆಲ್ಲ ಬಿಡಿ. ಖರ್ಚು ಮಾಡೋಕೆ ಸ್ವಲ್ಪನೇ ದುಡ್ಡು ಇದ್ರೆ ಅದು ಬ್ರೇಕ್ ಫ್ಲೂಯಿಡ್‌ಗೆ ಹೋಗ್ಲಿ. ಲೆಕ್ಕ ಸಿಂಪಲ್, ಓಡ್ತಿರೋ ಕಾರಿನ ಚಲನೆಯ ಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತೆ, ಅಂದ್ರೆ 200ರಿಂದ 100ಕ್ಕೆ ಇಳಿಸೋವಾಗ ಬ್ರೇಕ್ ನುಂಗೋ ಶಾಖ 100ರಿಂದ ಸೊನ್ನೆಗೆ ಇಳಿಸೋದರ ಮೂರು ಪಟ್ಟು. ಊರೊಳಗೆ ಓಡಿಸೋವಾಗ ಇದು ಯಾವತ್ತೂ ಗೊತ್ತಾಗಲ್ಲ, ಇಲ್ಲಿ ಮೊದಲ ಎಂಟು ಕಿಲೋಮೀಟರ್‌ನಲ್ಲೇ ಗೊತ್ತಾಗುತ್ತೆ.

ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಡಾಟ್ 4 ಸ್ಟ್ಯಾಂಡರ್ಡ್ ಪ್ರಕಾರ ಹೊಸದಾಗಿದ್ದಾಗ ಕುದಿಯೋ ಬಿಂದು ಕನಿಷ್ಠ 230 ಡಿಗ್ರಿ ಇರ್ಬೇಕು, ತೇವ ಸೇರಿದ್ಮೇಲೆ ಅದೇ ಮಿತಿ 155ಕ್ಕೆ ಬೀಳುತ್ತೆ. ಎರಡು ವರ್ಷದ ಹಳೇ ಫ್ಲೂಯಿಡ್ ಇಟ್ಕೊಂಡು ಹೋದ್ರೆ ಅದು ಕ್ಯಾಲಿಪರ್ (ಚಕ್ರದ ಹತ್ರ ಪ್ಯಾಡ್‌ನ ಡಿಸ್ಕ್‌ಗೆ ಒತ್ತೋ ಭಾಗ) ಒಳಗೆ ಕುದ್ದು ಗುಳ್ಳೆ ಏಳುತ್ತೆ, ಗುಳ್ಳೆಯನ್ನ ಒತ್ತಿದ್ರೆ ಅದು ಕುಗ್ಗುತ್ತೆ, ಪೆಡಲ್ ಸ್ಪಂಜಿನ ಹಾಗೆ ನೆಲದವರೆಗೂ ಹೋಗುತ್ತೆ, ಕಾರು ನಿಲ್ಲಲ್ಲ. ಹೊರಡೋ ಮುಂಚೆ ಒಳ್ಳೆ ರೇಸಿಂಗ್ ಫ್ಲೂಯಿಡ್ ಹಾಕಿಸಿ ಪೂರ್ತಿ ಬ್ಲೀಡ್ ಮಾಡಿಸಿ, ಅಂದ್ರೆ ಪೈಪಲ್ಲಿರೋ ಹಳೇ ಫ್ಲೂಯಿಡ್, ಗಾಳಿ ಎಲ್ಲ ಹೊರಗೆ ತೆಗೆಸಿ. ಪ್ಯಾಡ್ ಅರ್ಧಕ್ಕಿಂತ ಕಮ್ಮಿ ಉಳಿದಿದ್ರೆ ಬದಲಾಯಿಸಿ, ತೆಳು ಪ್ಯಾಡ್ ಶಾಖನ ನೇರ ಫ್ಲೂಯಿಡ್‌ಗೆ ದಾಟಿಸುತ್ತೆ.

ಎರಡು ತರದ ತೊಂದರೆಗೆ ಎರಡು ತರದ ಲಕ್ಷಣ, ಇದನ್ನ ಕಾಲಲ್ಲೇ ಗುರುತು ಹಿಡೀಬೇಕು. ಪೆಡಲ್ ಮೆತ್ತಗಾಗಿ ಉದ್ದ ಹೋಗ್ತಾ ಇದ್ರೆ ಫ್ಲೂಯಿಡ್ ಕುದೀತಾ ಇದೆ. ಪೆಡಲ್ ಗಟ್ಟಿಯಾಗೇ ಇದೆ ಆದ್ರೆ ಎಷ್ಟು ತುಳಿದ್ರೂ ಕಾರು ಹಿಡೀತಿಲ್ಲ ಅಂದ್ರೆ ಪ್ಯಾಡ್ ಸುಟ್ಟಿದೆ, ಜೊತೆಗೆ ಕ್ಲಚ್ ಸುಟ್ಟ ಹಾಗೆ ಒಂದು ಕಮಟು ವಾಸನೆ ಬರುತ್ತೆ. ಯಾವುದೇ ಆದ್ರೂ ಆ ಲ್ಯಾಪ್‌ನ ಉಳಿದ ದೂರ ಗೇರ್‌ನಲ್ಲೇ ನಿಧಾನಿಸ್ಕೊಂಡು ಬಲಕ್ಕೆ ಇದ್ದು ಬಂದ್ಬಿಡಿ. ಲ್ಯಾಪ್ ಮುಗಿಸಿ ನಿಲ್ಲಿಸೋವಾಗ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಕೆಂಪಗೆ ಕಾದಿರೋ ಡಿಸ್ಕ್‌ಗೆ ಪ್ಯಾಡ್ ಒಂದೇ ಜಾಗದಲ್ಲಿ ಅಂಟಿಕೊಂಡು ಕೂತ್ರೆ ಆಮೇಲೆ ಸ್ಟೀರಿಂಗ್ ಗಡಗಡ ಅನ್ನೋಕೆ ಶುರು, ಗೇರ್‌ನಲ್ಲಿ ಬಿಟ್ಟು ಇಳಿಯಿರಿ.

ಟೈರ್ ವಿಷಯಕ್ಕೆ ಬಂದ್ರೆ, ಸೆಮಿ ಸ್ಲಿಕ್ (ಅರ್ಧ ರೇಸ್ ಟೈರ್) ಇದ್ರೆ ತಾನು ಹೀರೋ ಅಂದ್ಕೊಳ್ಳೋರು ಐಫೆಲ್ ಹವಾಮಾನ ನೋಡಿಲ್ಲ. ಗೇಟ್ ಹತ್ರ ಬಿಸಿಲು, ಹತ್ತು ಕಿಲೋಮೀಟರ್ ಆಚೆ ಕಾಡಿನೊಳಗೆ ಮಳೆ ಸುರೀತಾ ಇರುತ್ತೆ, ಅದೇ ಲ್ಯಾಪಲ್ಲಿ. ಮೊದಲ ಸಲಕ್ಕೆ ಒಳ್ಳೆ ಮಾಮೂಲಿ ಪರ್ಫಾರ್ಮೆನ್ಸ್ ರೋಡ್ ಟೈರೇ ಸರಿ, ಟ್ರೆಡ್, ಅಂದ್ರೆ ಟೈರಿನ ಗೀರು, ಚೆನ್ನಾಗಿರ್ಲಿ, ನಾಲ್ಕೂ ಒಂದೇ ಬ್ರಾಂಡ್ ಇರ್ಲಿ. ಒಂದು ಗಟ್ಟಿ ಲ್ಯಾಪ್ ಆದ್ಮೇಲೆ ಪ್ರೆಷರ್ 0.3ರಿಂದ 0.5 ಬಾರ್ ಏರಿರುತ್ತೆ, ಏರಿದ್ದನ್ನ ಸ್ವಲ್ಪ ಇಳಿಸ್ಕೊಳ್ಳೋದಕ್ಕೆ ಒಂದು ಗೇಜ್, ವಾಪಸ್ ತುಂಬೋದಕ್ಕೆ 12 ವೋಲ್ಟ್ ಪಂಪ್ ಡಿಕ್ಕಿಯಲ್ಲಿರ್ಲಿ. ಎಂಜಿನ್ ಆಯಿಲ್ ಒಂದು ಲೀಟರ್ ಜೊತೆಗಿರ್ಲಿ, ಉದ್ದದ ತಿರುವುಗಳಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯೋದ್ರಿಂದ ಲೆವೆಲ್ ಮ್ಯಾಕ್ಸಿಮಮ್ ಗೆರೆ ಹತ್ರ ಇರೋದು ಒಳ್ಳೇದು, ಗೆರೆ ದಾಟ್ಬಾರದು. ವೀಲ್ ಬೋಲ್ಟ್ ಟಾರ್ಕ್ ರೆಂಚ್‌ನಿಂದ ಚೆಕ್ ಮಾಡಿ. ಒಳಗೆ ಇರೋ ಚಿಲ್ಲರೆ ಸಾಮಾನೆಲ್ಲ ತೆಗೆದು ಹೋಟೆಲ್‌ನಲ್ಲಿಡಿ, ಒಂದು ನೀರಿನ ಬಾಟಲ್ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಾಕ್ಕೊಂಡ್ರೆ ಸಾಕು.

ದಾರಿಯಲ್ಲಿ

ಕಲೋನ್‌ನಿಂದ ಒಂದು ಗಂಟೆ ಚಿಲ್ಲರೆ, ಫ್ರಾಂಕ್‌ಫರ್ಟ್‌ನಿಂದ ಎರಡು ಗಂಟೆ ಹತ್ರ. ಇಂಗ್ಲೆಂಡ್‌ನಿಂದ ಬರೋರು ಫೋಕ್‌ಸ್ಟನ್‌ನಲ್ಲಿ ಕಾರ್ ಸಮೇತ ಟ್ರೈನ್ ಹತ್ತಿದ್ರೆ 35 ನಿಮಿಷಕ್ಕೆ ಫ್ರಾನ್ಸ್‌ನ ಕ್ಯಾಲೆ, ಅಲ್ಲಿಂದ ಬೆಲ್ಜಿಯಂ ದಾಟಿ ಐದು ಗಂಟೆ ಡ್ರೈವ್ ಅಂತ ಇಟ್ಕೊಳ್ಳಿ. ಬೆಲ್ಜಿಯಂನಲ್ಲಿ ಹೈವೇ ಲಿಮಿಟ್ 120, ನೆದರ್ಲೆಂಡ್ಸ್ ಮೂಲಕ ಬಂದ್ರೆ ಹೆಚ್ಚಿನ ಕಡೆ ಹಗಲಲ್ಲಿ 100. ಬರೋ ದಾರಿಯಲ್ಲೇ ಸ್ಪಾ ಫ್ರಾಂಕೋಶಾಂಪ್ಸ್ ಅನ್ನೋ ಇನ್ನೊಂದು ರೇಸ್ ಟ್ರ್ಯಾಕ್ ಸಿಗುತ್ತೆ, ಒಂದು ಅರ್ಧ ದಿನ ಇದ್ರೆ ನೋಡ್ಕೊಂಡು ಬನ್ನಿ.

ಜರ್ಮನಿಯ ಹೈವೇ, ಅಂದ್ರೆ ಆಟೋಬಾನ್‌ನಲ್ಲಿ ಲಿಮಿಟ್ ಇಲ್ಲದ ಕಡೆ 130 ಅನ್ನೋದು ಬರೀ ಸಲಹೆ ಅಷ್ಟೇ, ಆದ್ರೆ ಬಲಗಡೆಯಿಂದ ಓವರ್‌ಟೇಕ್ ಮಾಡಿದ್ರೆ ಫೈನ್, ಟ್ರಾಫಿಕ್ ನಿಂತಾಗ ಆಂಬುಲೆನ್ಸ್‌ಗೆ ಮಧ್ಯೆ ದಾರಿ ಬಿಡದಿದ್ರೆ ಇನ್ನೂ ದೊಡ್ಡ ಫೈನ್, ಪೆಟ್ರೋಲ್ ಖಾಲಿಯಾಗಿ ನಿಂತ್ರೆ ಅದೂ ನಿಮ್ಮ ತಪ್ಪೇ. ವಾರ್ನಿಂಗ್ ಟ್ರಯಾಂಗಲ್, ಫಸ್ಟ್ ಏಡ್ ಕಿಟ್, ರಿಫ್ಲೆಕ್ಟರ್ ಜಾಕೆಟ್ ಕಾರಲ್ಲಿರ್ಲಿ. ಕೊನೆಯ ಅರ್ಧ ಗಂಟೆ ಆಡೆನಾವ್ ಸುತ್ತಮುತ್ತಲಿನ ಹಳ್ಳಿ ರಸ್ತೆ, ರಿಂಗ್ ಬಂತು ಅನ್ನೋ ಖುಷಿಗೆ ಇಲ್ಲೇ ಆಕ್ಸಿಲರೇಟರ್ ಒತ್ತೋರು ಜಾಸ್ತಿ, ಪೊಲೀಸರಿಗೂ ಅದು ಚೆನ್ನಾಗಿ ಗೊತ್ತು. ಊಟಕ್ಕೆ ನೂರ್ಬರ್ಗ್ ಊರಲ್ಲಿರೋ ಪಿಸ್ಟನ್‌ಕ್ಲೌಸ ಹೋಟೆಲ್ ಫೇಮಸ್, ಬಿಸಿ ಕಲ್ಲಿನ ಮೇಲೆ ನಾವೇ ಬೇಯಿಸ್ಕೊಳ್ಳೋ ಮಾಂಸ ಕೊಡ್ತಾರೆ, ಗೋಡೆ ತುಂಬಾ ರೇಸರ್‌ಗಳ ಫೋಟೋ. ಟೇಬಲ್ ಬುಕ್ ಮಾಡದೆ ಹೋದ್ರೆ ಸಿಗೋದು ಕಷ್ಟ.

ಮೊದಲನೇ ಲ್ಯಾಪ್

ಮನೆಯಲ್ಲಿ ಸಿಮ್ಯುಲೇಟರ್ ಆಡಿ, ಖಂಡಿತ ಆಡಿ, ತಿರುವುಗಳ ಆರ್ಡರ್ ಬಾಯಿಪಾಠ ಆಗುತ್ತೆ. ಆದ್ರೆ ಸ್ಕ್ರೀನ್ ಮೇಲೆ ಇಳಿಜಾರು ಕಾಣಲ್ಲ, ಹೊಟ್ಟೆಗೆ ಗೊತ್ತಾಗಲ್ಲ. ಅದಕ್ಕೇ ಮೊದಲ ಲ್ಯಾಪ್ ಗೊತ್ತಿರೋರ ಪಕ್ಕ ಕೂತು ನೋಡಿ, ಇಲ್ಲಾಂದ್ರೆ ಇನ್‌ಸ್ಟ್ರಕ್ಟರ್ ಒಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಆ ದುಡ್ಡು ದಂಡ ಅಲ್ಲ.

ಗೇಟ್ ದಾಟಿ ಸ್ವಲ್ಪ ಮುಂದೆ ಹೋದ್ಮೇಲೆ ಸಿಗೋದು ಹಾಟ್ಸೆನ್‌ಬಾಖ್, ಎಡ ಬಲ ಎಡ ಬಲ ಅಂತ ಕಾಡಿನೊಳಗೆ ಸುತ್ತುತ್ತೆ, ಟೈರ್ ಇನ್ನೂ ತಣ್ಣಗಿರುತ್ತೆ, ಇಲ್ಲಿ ಯಾರಿಗೂ ಏನೂ ಸಾಬೀತು ಮಾಡೋಕೆ ಹೋಗ್ಬೇಡಿ. ಆಮೇಲೆ ಫ್ಲುಗ್‌ಪ್ಲಾಟ್ಸ್, ದಿಬ್ಬ ಹತ್ತಿ ಇಳಿಯೋ ಜಾಗದಲ್ಲಿ ಕಾರು ಹಗುರ ಆಗುತ್ತೆ, ಆ ಕ್ಷಣದಲ್ಲಿ ಬ್ರೇಕ್ ಹಾಕೋದು ಸ್ಟೀರಿಂಗ್ ತಿರುಗಿಸೋದು ಎರಡೂ ಬೇಡ, ದಿಬ್ಬಕ್ಕೆ ಮುಂಚೆಯೇ ಕೆಲಸ ಮುಗಿಸಿರ್ಬೇಕು. ಶ್ವೇಡನ್‌ಕ್ರಾಯ್ಟ್ಸ್ ಅನ್ನೋ ವೇಗದ ಎಡ ತಿರುವಿನ ಬೆನ್ನಿಗೇ ಆರೆಂಬರ್ಗ್ ಅನ್ನೋ ನಿಧಾನದ ಬಲ ತಿರುವು, ಎಷ್ಟೋ ಜನ ಇಲ್ಲಿ ಬ್ರೇಕ್ ಲೇಟ್ ಮಾಡಿ ನೇರ ಹೋಗ್ತಾರೆ. ಅಲ್ಲಿಂದ ಫುಕ್ಸ್‌ರೋರೆ, ಕಾಡಿನ ಮಧ್ಯೆ ಕೆಳಕ್ಕೆ ಬಿದ್ದಂಗೆ ಹೋಗೋ ರಸ್ತೆ, ತಳದಲ್ಲಿ ಸಸ್ಪೆನ್ಷನ್ ಪೂರ್ತಿ ಕುಗ್ಗಿ ಸೀಟಿಗೆ ಒತ್ತಿ ಹಿಡಿದ ಹಾಗಾಗುತ್ತೆ, ಜೀವ ಬಾಯಿಗೆ ಬರುತ್ತೆ, ಮಜಾನೂ ಅಷ್ಟೇ. ಆ ಮಜಾದಲ್ಲಿ ಮೈಮರೆತು ಮೇಲೆ ಹತ್ತಿದ ತಕ್ಷಣ ಆಡೆನಾವರ್ ಫೋರ್ಸ್ಟ್ ಅನ್ನೋ ಮುಂದೆ ಏನೂ ಕಾಣದ ಸಣ್ಣ ತಿರುವು ಕಾದಿರುತ್ತೆ. ಬೇಲಿ ಆಚೆ ಜನ ಕ್ಯಾಮೆರಾ ಹಿಡ್ಕೊಂಡು ನಿಂತಿರೋದು ನಿಮ್ಮ ಕಾರು ಚೆನ್ನಾಗಿದೆ ಅಂತ ಅಲ್ಲ, ಹುಲ್ಲಿಗೆ ಇಳಿಯೋರನ್ನ ಹಿಡಿಯೋಕೆ.

ಈ ಭಾಗ ಬಹುಪಾಲು ಇಳಿಜಾರು. ವೆಹ್ರ್‌ಸೈಫನ್ ದಾಟಿ ಬ್ರೈಡ್‌ಶೈಡ್ ಸೇತುವೆ ಹತ್ರ ಟ್ರ್ಯಾಕ್‌ನ ಅತಿ ತಗ್ಗಿನ ಜಾಗ ಬರುತ್ತೆ, ಬ್ರೇಕ್ ಅತಿ ಹೆಚ್ಚು ಕಾದಿರೋದೂ ಅಲ್ಲೇ. ಪೆಡಲ್ ಹೇಗಿದೆ ಅಂತ ಅಲ್ಲಿ ಗಮನ ಕೊಡಿ. ಬೆರ್ಗ್‌ವೆರ್ಕ್ ಆದ್ಮೇಲೆ ಕೆಸೆಲ್‌ಶೆನ್ ಉದ್ದಕ್ಕೂ ಏರು, ಬ್ರೇಕ್‌ಗೆ ಸುಮಾರು ಹೊತ್ತು ಕೆಲಸ ಇಲ್ಲ, ಗಾಳಿ ಬಡಿದು ತಣ್ಣಗಾಗುತ್ತೆ. ಇಲ್ಲಿ ಹಿಂದಿನಿಂದ ಪವರ್ ಇರೋ ಕಾರುಗಳು ಬೇಗ ಬರ್ತವೆ, ಕನ್ನಡಿ ನೋಡಿ. ಕರುಸೆಲ್‌ನಲ್ಲಿ ಒಳಗಡೆ ವಾಲಿಸಿರೋ ಕಾಂಕ್ರೀಟ್ ಪಟ್ಟಿ ಇದೆ, ಇಳಿದ್ರೆ ಕಾರು ದಡದಡ ಅನ್ನುತ್ತೆ, ತಗ್ಗಿಸಿರೋ ಸಸ್ಪೆನ್ಷನ್ ಇದ್ರೆ ಕೆಳಗೆ ಉಜ್ಜಬಹುದು, ಹಿಂದೆ ಯಾರಾದ್ರೂ ಅಂಟಿಕೊಂಡಿದ್ರೆ ಆ ಸಲ ಮೇಲಿನ ದಾರಿಯಲ್ಲೇ ಹೋಗಿ. ಬ್ರುನ್‌ಶೆನ್‌ನಲ್ಲಿ ಇನ್ನೊಂದು ಸಲ ಜನ, ಕ್ಯಾಮೆರಾ. ಫ್ಲಾಂಟ್ಸ್‌ಗಾರ್ಟನ್‌ನಲ್ಲಿ ಮತ್ತೆ ಕಾರು ಹಗುರ ಆಗೋ ದಿಬ್ಬ. ಕೊನೆಗೆ ಡೋಟಿಂಗರ್ ಹೋಹೆ, ಎರಡು ಕಿಲೋಮೀಟರ್‌ಗಿಂತ ಉದ್ದದ ನೇರ ರಸ್ತೆ, ಅಲ್ಲೇ ಎಕ್ಸಿಟ್, ಕೋನ್ ಕಾಣೋಕೆ ಮುಂಚೆಯೇ ನಿಧಾನ ಮಾಡಿ.

ಇಡೀ ಲ್ಯಾಪ್‌ನಲ್ಲಿ ಕನ್ನಡಿಗೆ ಕೊಡೋ ಗಮನ ಮುಂದಿನ ಗಾಜಿಗೆ ಕೊಡೋವಷ್ಟೇ ಇರ್ಬೇಕು ಅಂದ್ರೆ ಜಾಸ್ತಿ ಹೇಳಿದ ಹಾಗೆ ಅನ್ಸುತ್ತೆ, ಆದ್ರೆ ಪೋರ್ಶೆ ಜಿಟಿ3 ಒಂದು ದೂರದಲ್ಲಿ ಚುಕ್ಕೆ ತರ ಕಂಡಿದ್ದು ಮುಂದಿನ ತಿರುವಲ್ಲಿ ನಿಮ್ಮ ಬಂಪರ್ ಹತ್ರ ಇರುತ್ತೆ. ಬಲಕ್ಕೆ ಇಂಡಿಕೇಟರ್ ಹಾಕಿ, ಬಲಕ್ಕೆ ಸರಿದು, ಆಕ್ಸಿಲರೇಟರ್ ಸ್ವಲ್ಪ ಬಿಡಿ, ಹೋಗ್ಲಿ. ಇಂಡಿಕೇಟರ್ ಹಾಕಿ ಮತ್ತೆ ರೇಸಿಂಗ್ ಲೈನ್‌ಗೆ ವಾಪಸ್ ಬರೋದು ಅತಿ ಕೆಟ್ಟ ಅಭ್ಯಾಸ. ಹಳದಿ ಲೈಟ್ ಅಥವಾ ಬಾವುಟ ಕಂಡ್ರೆ ಹಜಾರ್ಡ್ ಲೈಟ್ ಹಾಕಿ ನಿಧಾನ ಮಾಡಿ, ಓವರ್‌ಟೇಕ್ ಬೇಡ.

ನಿಮ್ಮ ಕಾರಿಂದ ಆಯಿಲ್ ಅಥವಾ ಕೂಲಂಟ್ ಸೋರೋಕೆ ಶುರುವಾದ್ರೆ ಹೇಗಾದ್ರೂ ಗೇಟ್‌ವರೆಗೆ ತಲುಪ್ತೀನಿ ಅಂತ ಹೊರಡ್ಬೇಡಿ. ತಕ್ಷಣ ಬಲಕ್ಕೆ ಹುಲ್ಲಿನ ಮೇಲೆ ನಿಲ್ಲಿಸಿ, ಜಾಕೆಟ್ ಹಾಕ್ಕೊಂಡು ಬೇಲಿ ಆಚೆ ಹೋಗಿ ಫೋನ್ ಮಾಡಿ. ಟ್ರ್ಯಾಕ್ ಕಂಟ್ರೋಲ್ ನಂಬರ್ ಮೊದಲೇ ಸೇವ್ ಮಾಡಿರ್ಬೇಕು. ಐದು ಕಿಲೋಮೀಟರ್ ಉದ್ದ ಆಯಿಲ್ ಚೆಲ್ಲಿದ್ರೆ ಅದರ ಮೇಲೆ ಜಾರೋ ಪ್ರತಿ ಕಾರಿಗೂ ನೀವೇ ಹೊಣೆ, ಮುಂದೆ ಬರೋ ಬಿಲ್ ನೆನೆಸ್ಕೊಂಡ್ರೇ ಎದೆ ಝಲ್ ಅನ್ನುತ್ತೆ.

ಒಂದು ಲ್ಯಾಪ್ ಆದ್ಮೇಲೆ ಇನ್ನೊಂದಕ್ಕೆ ನೇರ ಹೋಗ್ಬೇಡಿ. ಹತ್ತಿಪ್ಪತ್ತು ನಿಮಿಷ ಬಿಡಿ, ಟರ್ಬೋ ಕಾರು ಆದ್ರೆ ಪಕ್ಕದ ರಸ್ತೆಯಲ್ಲಿ ನಿಧಾನಕ್ಕೆ ಒಂದು ರೌಂಡ್ ಹೋಗಿ ಬಂದು ಆಫ್ ಮಾಡಿ. ಒಂದು ಲ್ಯಾಪ್‌ಗೆ ಐದಾರು ಲೀಟರ್ ಪೆಟ್ರೋಲ್ ಸಲೀಸಾಗಿ ಕುಡಿಯುತ್ತೆ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗೋಕೆ ಬಿಡ್ಬೇಡಿ.

ವಾಪಸ್ ಹೊರಡೋವಾಗ

ಸಂಜೆ ಸೆಷನ್ ಮುಗಿಸಿ ಅದೇ ರಾತ್ರಿ ಹೊರಡೋರು ಇದ್ದಾರೆ, ನನಗೆ ಅದು ಸರಿ ಕಾಣಲ್ಲ, ಕಣ್ಣಲ್ಲಿ ನಿದ್ದೆ, ಕಾಲಲ್ಲಿ ಇನ್ನೂ ರಿಂಗ್‌ನ ವೇಗ. ಬೆಳಗ್ಗೆ ಕಾರು ಪೂರ್ತಿ ತಣ್ಣಗಿರುವಾಗ ಒಂದು ಸುತ್ತು ನೋಡಿ. ವೀಲ್ ಬೋಲ್ಟ್ ಮತ್ತೆ ಟಾರ್ಕ್, ಸ್ಪೋಕ್ ಸಂದಿಯಿಂದ ಟಾರ್ಚ್ ಹಾಕಿ ಪ್ಯಾಡ್ ಎಷ್ಟು ಉಳಿದಿದೆ ಅಂತ, ಮುಂದಿನ ಟೈರ್‌ಗಳ ಹೊರ ಅಂಚು ಕಿತ್ತು ಬಂದಿದೆಯಾ ಅಂತ, ಆಯಿಲ್ ಲೆವೆಲ್. ಎಲ್ಲಕ್ಕಿಂತ ಮುಖ್ಯ ಟೈರ್ ಪ್ರೆಷರ್. ಹಿಂದಿನ ದಿನ ಬಿಸಿಯಲ್ಲಿ ಇಳಿಸಿದ್ದು ಈಗ ತಣ್ಣಗಾಗಿ ಇನ್ನೂ ಕಮ್ಮಿ ತೋರಿಸುತ್ತೆ, ಅದೇ ಪ್ರೆಷರ್‌ನಲ್ಲಿ ಲಗೇಜ್ ತುಂಬ್ಕೊಂಡು ಆಟೋಬಾನ್‌ನಲ್ಲಿ 200 ಹೊಡೆದ್ರೆ ಟೈರ್ ಒಳಗೊಳಗೇ ಕಾದು ಸಿಡಿಯುತ್ತೆ. ಬಾಗಿಲ ಹತ್ರ ಅಂಟಿಸಿರೋ ಚೀಟಿಯಲ್ಲಿ ಫುಲ್ ಲೋಡ್‌ಗೆ ಅಂತ ಕೊಟ್ಟಿರೋ ಸಂಖ್ಯೆಗೆ ನಾಲ್ಕೂ ಟೈರ್ ತುಂಬಿ, ಆಮೇಲೆ ಎ61 ಆಟೋಬಾನ್ ಹತ್ತಿ.